ಬೈತಕೋಲಕ್ಕೆ ಬರುವ ಸಣ್ಣ ಟ್ಯಾಂಕರ್ ಹಡಗನ್ನು ಹಿಂಬಾಲಿಸುವುದು ಹೇಗೆ: ಅಳತೆ, ಓಡಾಟ, ಬಂದರು ಭೇಟಿ

ಕಾರವಾರದ ಬೈತಕೋಲ ಬಂದರಿಗೆ ಡಾಂಬರು, ತೈಲ ತರುವ ಸಣ್ಣ ಟ್ಯಾಂಕರ್‌ಗಳು ಬರುತ್ತವೆ. ನೂರು ಮೀಟರ್ ಆಸುಪಾಸಿನ ಉದ್ದ, ಹಿಂದುಗಡೆ ಬಿಳಿ ಕ್ಯಾಬಿನ್, ಡೆಕ್ ತುಂಬ ಪೈಪು. ಇವು ಎಲ್ಲಿವೆ, ಯಾವಾಗ ಬರುತ್ತವೆ ಎಂದು ತಿಳಿಯಬೇಕಾದವರು ನಮ್ಮಲ್ಲಿ ಕಡಿಮೆ ಇಲ್ಲ. ಡಾಂಬರು ಲಾರಿಯವರಿದ್ದಾರೆ, ಮಳೆಗಾಲಕ್ಕೆ ಮೊದಲು ರಸ್ತೆ ಮುಗಿಸಬೇಕು ಎಂದು ಕಾಯುವ ಶಿರಸಿ, ಯಲ್ಲಾಪುರ ಕಡೆಯ ಗುತ್ತಿಗೆದಾರರಿದ್ದಾರೆ, ಬಲೆ ಹಾಕಿದ ಜಾಗದ ಪಕ್ಕದಲ್ಲೇ ಹಾದುಹೋದ ಹಡಗು ಯಾವುದು ಎಂದು ಕೇಳುವ ಬೋಟಿನವರಿದ್ದಾರೆ, ಮಗ ಹಡಗಿಗೆ ಹೋಗಿದ್ದಾನೆ ಎಂದು ದಿನಾ ಮೊಬೈಲಿನಲ್ಲಿ ನಕ್ಷೆ ತೆರೆದು ನೋಡುವ ಮನೆಯವರೂ ಇದ್ದಾರೆ.

ಎಲ್ಲರೂ ಮಾಡುವ ಕೆಲಸ ಒಂದೇ. ಹಡಗಿನ ಹೆಸರು ಟೈಪ್ ಮಾಡುತ್ತಾರೆ, ಮೊದಲು ಬಂದದ್ದನ್ನು ನಂಬುತ್ತಾರೆ. ಹಾಗೆ ಮಾಡಬೇಡಿ. ಪರದೆಯ ಮೇಲೆ ಕಾಣುವ ಮಾಹಿತಿಯಲ್ಲಿ ಕೆಲವು ಯಂತ್ರ ತಾನಾಗಿ ಕಳಿಸಿದ್ದು, ಕೆಲವು ಹಡಗಿನಲ್ಲಿ ಯಾರೋ ಕೈಯಿಂದ ತುಂಬಿದ್ದು, ಇನ್ನು ಕೆಲವು ವೆಬ್‌ಸೈಟಿನವರು ಲೆಕ್ಕ ಹಾಕಿ ಊಹಿಸಿದ್ದು. ಯಾವುದು ಯಾವುದು ಎಂದು ಬೇರೆ ಮಾಡಲು ಬಂದರೆ ಅರ್ಧ ಕೆಲಸ ಮುಗಿಯಿತು. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಮೊದಲು ಐಎಂಒ ಸಂಖ್ಯೆ ಹಿಡಿಯಿರಿ

ಹಡಗಿನ ಹೆಸರು ಬದಲಾಗುತ್ತದೆ. ಮಾಲೀಕರು ಬದಲಾದರೆ ಹೆಸರೂ ಹೋಯಿತು. ಧ್ವಜ, ಅಂದರೆ ಹಡಗು ನೋಂದಣಿಯಾದ ದೇಶ, ಬದಲಾಗುತ್ತದೆ, ಇವತ್ತು ಪನಾಮಾ, ನಾಳೆ ಕೊಮೊರೊಸ್. ಧ್ವಜ ಬದಲಾದರೆ ರೇಡಿಯೋದಲ್ಲಿ ಹಡಗನ್ನು ಗುರುತಿಸುವ ಎಂಎಂಎಸ್‌ಐ ಸಂಖ್ಯೆಯೂ, ಕರೆ ಸಂಕೇತವೂ ಬದಲಾಗುತ್ತವೆ. ಹಡಗು ಕಟ್ಟಿದಾಗಿನಿಂದ ಗುಜರಿಗೆ ಹೋಗುವ ತನಕ ಬದಲಾಗದೆ ಉಳಿಯುವುದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) ಸಂಖ್ಯೆ ಒಂದೇ. ಲಾರಿಗೆ ನಂಬರ್ ಪ್ಲೇಟು ಬೇರೆ, ಚಾಸಿ ನಂಬರ್ ಬೇರೆ ಇರುತ್ತದಲ್ವಾ, ಇದು ಚಾಸಿ ನಂಬರ್ ಇದ್ದ ಹಾಗೆ. ಈ ಪದ್ಧತಿ 1987ರಲ್ಲಿ ಶುರುವಾಯಿತು, 1996ರಿಂದ ಕಡ್ಡಾಯ. 300 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗುಗಳಿಗೆ ಇದು ಅನ್ವಯ, ಹಾಗಾಗಿ ನಾವು ನೋಡುವ ಟ್ಯಾಂಕರ್‌ಗಳಿಗೆಲ್ಲ ಇದ್ದೇ ಇರುತ್ತದೆ. ಹಡಗಿನ ಮೈಮೇಲೂ ಅಳಿಸದ ಹಾಗೆ ಬರೆದಿರಬೇಕು. ಸಾಮಾನ್ಯವಾಗಿ ಹಿಂಭಾಗದಲ್ಲಿ ಹೆಸರಿನ ಕೆಳಗೆ, ಇಲ್ಲವೇ ಕ್ಯಾಬಿನ್ನಿನ ಮುಂದೆ ಕಾಣುತ್ತದೆ.

ಏಳು ಅಂಕಿಯ ಈ ಸಂಖ್ಯೆ ಸರಿಯಾಗಿ ಬರೆದುಕೊಂಡಿರೋ ಇಲ್ಲವೋ ಎಂದು ನೀವೇ ಪರೀಕ್ಷಿಸಬಹುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ ನಿಮ್ಮ ಏಳನೇ ಅಂಕಿಗೆ ಸಮ ಇರಬೇಕು. 9074729 ತೆಗೆದುಕೊಳ್ಳಿ: 63, 0, 35, 16, 21, 4. ಕೂಡಿದರೆ 139. ಕೊನೆಯದು 9, ಸಂಖ್ಯೆಯ ಕೊನೆಯದೂ 9. ಸರಿ ಇದೆ. ತಾಳೆ ಆಗದಿದ್ದರೆ ಒಂದು ಅಂಕಿ ತಪ್ಪಿದೆ, ಅಥವಾ ಹಡಗಿನವರೇ ಯಂತ್ರಕ್ಕೆ ತಪ್ಪು ತುಂಬಿದ್ದಾರೆ. ಹೌದು, ಹಡಗಿನಿಂದ ರೇಡಿಯೋದಲ್ಲಿ ಬರುವ ಐಎಂಒ ಸಂಖ್ಯೆಯೂ ಯಾರೋ ಒಬ್ಬರು ಕೈಯಿಂದ ಹಾಕಿದ್ದೇ. ಅದಕ್ಕೇ ಈ ಪರೀಕ್ಷೆ ಬೇಕು.

ಎಂಎಂಎಸ್‌ಐ ಒಂಬತ್ತು ಅಂಕಿಯದು. ಅದರ ಮೊದಲ ಮೂರು ಅಂಕಿ ದೇಶ ಹೇಳುತ್ತವೆ. ಭಾರತಕ್ಕೆ 419, ಮಾರ್ಷಲ್ ದ್ವೀಪಗಳಿಗೆ 538, ಲೈಬೀರಿಯಾಕ್ಕೆ 636. ಧ್ವಜ ಒಂದು, ಈ ಮೂರಂಕಿ ಇನ್ನೊಂದು ಅಂತ ಕಂಡರೆ ಧ್ವಜ ಈಚೆಗೆ ಬದಲಾಗಿರಬಹುದು, ಯಂತ್ರದಲ್ಲಿ ಬದಲಿಸಿಲ್ಲ. ಅಥವಾ ಬೇರೆ ಏನೋ ಇದೆ. ಸುಮ್ನೆ ಬಿಡಬೇಡಿ, ಬರೆದಿಟ್ಟುಕೊಳ್ಳಿ.

ಹಡಗಿನ ಅಳತೆ ಎಲ್ಲಿ ಸಿಗುತ್ತದೆ

ಹಣ ಕೊಡದೆ ನೋಡಬಹುದಾದ ಜಾಗಗಳಲ್ಲಿ ನಾನು ಮೊದಲು ಹೇಳುವುದು ಈಕ್ವಾಸಿಸ್ ಎಂಬ ತಾಣ. ಯುರೋಪಿಯನ್ ಕಮಿಷನ್ ಮತ್ತು ಫ್ರಾನ್ಸಿನ ಹಡಗು ಇಲಾಖೆ ಸೇರಿ ಕಟ್ಟಿದ್ದು, 2000ದಿಂದ ನಡೆಯುತ್ತಿದೆ. ಇಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ಸಾಕು. ಐಎಂಒ ಸಂಖ್ಯೆ ಹಾಕಿದರೆ ಗ್ರಾಸ್ ಟನೇಜ್, ಡೆಡ್‌ವೇಟ್, ಕಟ್ಟಿದ ವರ್ಷ, ಮಾಲೀಕರು, ನಡೆಸುವ ಕಂಪನಿ, ಕ್ಲಾಸ್ ಸೊಸೈಟಿ, ಹಳೆಯ ಹೆಸರುಗಳು, ಹಳೆಯ ಧ್ವಜಗಳು, ಬಂದರುಗಳಲ್ಲಿ ನಡೆದ ತಪಾಸಣೆ ಎಲ್ಲ ಬರುತ್ತದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಗಿಸಿಸ್ ಎಂಬ ತಾಣವೂ ಉಚಿತ. ಎರಡನ್ನೂ ತೆರೆದು ತಾಳೆ ನೋಡಿ. ಭಾರತದ ಧ್ವಜದ ಹಡಗು ಆದರೆ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನ ಪಟ್ಟಿಯಲ್ಲೂ ಹುಡುಕಿ. ಹಡಗಿನ ಉಕ್ಕು, ಎಂಜಿನ್ ಪರೀಕ್ಷಿಸಿ ಪ್ರಮಾಣಪತ್ರ ಕೊಡುವವರು ಈ ಕ್ಲಾಸ್ ಸೊಸೈಟಿಗಳೇ. ಅವರ ಪಟ್ಟಿಯಲ್ಲಿರುವ ಅಳತೆಗೆ ಬೇರೆ ತಾಣದ ಅಳತೆಗಿಂತ ಜಾಸ್ತಿ ಬೆಲೆ ಕೊಡಿ.

ಅಳತೆಯ ಪದಗಳಲ್ಲಿ ಜನ ಯಾವಾಗಲೂ ಗೊಂದಲ ಮಾಡಿಕೊಳ್ಳುವುದು ಟನ್ನಿನ ಬಗ್ಗೆ. ಗ್ರಾಸ್ ಟನೇಜ್ ತೂಕವೇ ಅಲ್ಲ. ಅದು ಹಡಗಿನೊಳಗೆ ಮುಚ್ಚಿದ ಜಾಗ ಎಷ್ಟಿದೆ ಎಂಬುದರಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆ. 1969ರ ಒಪ್ಪಂದದ ಪ್ರಕಾರ ಮಾಡುವ ಲೆಕ್ಕ ಅದು. ಡೆಡ್‌ವೇಟ್ ಮಾತ್ರ ತೂಕ: ಹಡಗು ಹೊರಬಲ್ಲ ಒಟ್ಟು ಭಾರ. ಅದರಲ್ಲಿ ಸರಕಿನ ಜೊತೆ ಹಡಗಿನ ಇಂಧನ, ಕುಡಿಯುವ ನೀರು, ಸಾಮಾನು, ಸಿಬ್ಬಂದಿ ಎಲ್ಲ ಸೇರಿದೆ. ಹಾಗಾಗಿ 5,000 ಟನ್ ಡೆಡ್‌ವೇಟ್ ಎಂದರೆ 5,000 ಟನ್ ಡಾಂಬರು ಬಂತು ಎಂದು ಬರೆಯಬೇಡಿ. ಅದಕ್ಕಿಂತ ಕಡಿಮೆಯೇ ಇರುತ್ತದೆ. ಟ್ಯಾಂಕುಗಳ ಸಾಮರ್ಥ್ಯ ಘನ ಮೀಟರಿನಲ್ಲಿ ಸಿಕ್ಕರೆ ಅದನ್ನೂ ಬರೆದುಕೊಳ್ಳಿ. ಬಿಸಿ ಸರಕು ಹಿಗ್ಗುವ ಕಾರಣ ಟ್ಯಾಂಕು ಬಾಯಿ ತನಕ ತುಂಬುವುದಿಲ್ಲ.

ಡಾಂಬರು ಟ್ಯಾಂಕರ್ ಸಾಮಾನ್ಯ ತೈಲ ಟ್ಯಾಂಕರ್ ಅಲ್ಲ, ಇದು ಗಮನದಲ್ಲಿರಲಿ. ಡಾಂಬರು ತಣ್ಣಗಾದರೆ ಗಟ್ಟಿ, ಪಂಪಿನಲ್ಲಿ ಬರುವುದೇ ಇಲ್ಲ. ಅದಕ್ಕೆ ದಾರಿಯುದ್ದಕ್ಕೂ ನೂರೈವತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಸಿಯಾಗಿಯೇ ಇಡಬೇಕು. ಬಿಸಿ ಎಣ್ಣೆ ಹರಿಯುವ ಕೊಳವೆಗಳನ್ನು ಟ್ಯಾಂಕಿನೊಳಗೆ ಹಾಕಿರುತ್ತಾರೆ. ಇಂಥ ಹಲವು ಹಡಗುಗಳಲ್ಲಿ ಟ್ಯಾಂಕು ಹಡಗಿನ ಮೈಗೆ ಬೆಸೆದಿರುವುದಿಲ್ಲ, ಬೇರೆಯಾಗಿ ಕೂರಿಸಿರುತ್ತಾರೆ. ಅಷ್ಟು ಬಿಸಿಗೆ ಉಕ್ಕು ಹಿಗ್ಗಿದರೆ ಹಡಗಿನ ಮೈ ಬಿರುಕು ಬಿಡಬಾರದು ಎಂದು. ದಾಖಲೆಯಲ್ಲಿ ಹಡಗಿನ ಬಗೆ ಬರೀ ತೈಲ ಟ್ಯಾಂಕರ್ ಎಂದಿದೆಯೋ, ಡಾಂಬರು ಟ್ಯಾಂಕರ್ ಎಂದೇ ಇದೆಯೋ ನೋಡಿ. ಬೈತಕೋಲಕ್ಕೆ ಬರುವ ಡಾಂಬರು ಹಡಗು ಎಂದು ಯಾರಾದರೂ ಹೇಳಿದ ಹಡಗಿಗೆ ಸರಕು ಬಿಸಿ ಮಾಡುವ ವ್ಯವಸ್ಥೆಯೇ ಇಲ್ಲದಿದ್ದರೆ ಹೇಳಿದವರದ್ದು ತಪ್ಪು.

ಇನ್ನೊಂದು, ಎರಡು ಪದರದ ಮೈ. ಹಡಗುಗಳಿಂದ ಸಮುದ್ರ ಮಲಿನವಾಗುವುದನ್ನು ತಡೆಯುವ ಮಾರ್ಪೋಲ್ ನಿಯಮದಲ್ಲಿ ಡಾಂಬರು ಭಾರೀ ತೈಲದ ಗುಂಪಿಗೆ ಸೇರುತ್ತದೆ. ಅದನ್ನು ಒಂಟಿ ಪದರದ ಟ್ಯಾಂಕರಿನಲ್ಲಿ ಸಾಗಿಸುವುದಕ್ಕೆ 5,000 ಟನ್ ಡೆಡ್‌ವೇಟ್ ಮತ್ತು ಮೇಲಿನವಕ್ಕೆ 2005ರಿಂದ, 600ರಿಂದ 5,000 ಟನ್ನಿನ ಸಣ್ಣವಕ್ಕೆ 2008ರಿಂದ ತಡೆ ಬಂತು. ಹಳೆಯ ಹಡಗು ಕಂಡರೆ ಇದನ್ನು ಮೊದಲು ನೋಡುವುದು ಒಳ್ಳೆಯದು. ನಮ್ಮ ತೀರಕ್ಕೆ ಇದು ಬರೀ ಕಾಗದದ ಮಾತಲ್ಲ. 2006ರ ಮೇ ಕೊನೆಗೆ ಓಶನ್ ಸೆರಾಯಾ ಎಂಬ ಪನಾಮಾ ಧ್ವಜದ ಹಡಗು ಕಾರವಾರದ ಹೊರಗೆ ದೇವಗಡ ದ್ವೀಪದ ಬಂಡೆಗೆ ತಾಗಿ, ಮಳೆಗಾಲದ ಅಲೆಗೆ ಒಡೆದು ಎಣ್ಣೆ ಸೋರಿತ್ತು. ಅದು ಟ್ಯಾಂಕರ್ ಕೂಡ ಅಲ್ಲ. ಸೋರಿದ್ದು ಸರಕಲ್ಲ, ಹಡಗು ತನ್ನ ಎಂಜಿನ್ನಿಗೆ ಇಟ್ಟುಕೊಂಡಿದ್ದ ಇಂಧನ. ಖಾಲಿ ಹಡಗು, ಅದರಿಂದ ಏನಾಗುತ್ತದೆ ಎನ್ನುವವರಿಗೆ ಇದನ್ನು ಹೇಳಿ.

ನಕ್ಷೆಯ ಮೇಲಿನ ಚುಕ್ಕೆ ಎಲ್ಲಿಂದ ಬರುತ್ತದೆ

ಮರೀನ್ ಟ್ರಾಫಿಕ್, ವೆಸೆಲ್ ಫೈಂಡರ್, ಮೈ ಶಿಪ್ ಟ್ರ್ಯಾಕಿಂಗ್, ಇವೆಲ್ಲ ನಂಬಿರುವುದು ಎಐಎಸ್ ಎಂಬ ವ್ಯವಸ್ಥೆಯನ್ನು. ಹಡಗಿನಲ್ಲಿರುವ ಪೆಟ್ಟಿಗೆ ವಿಎಚ್‌ಎಫ್ ರೇಡಿಯೋದಲ್ಲಿ ತಾನಾಗಿ ಕೂಗುತ್ತಿರುತ್ತದೆ. ಸಾಗುವಾಗ ಕೆಲವು ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ ಮೂರು ನಿಮಿಷಕ್ಕೊಮ್ಮೆ ತನ್ನ ಜಾಗ ಹೇಳುತ್ತದೆ. ಜಾಗ, ವೇಗ, ಸಾಗುವ ದಿಕ್ಕು ಜಿಪಿಎಸ್‌ನಿಂದ, ಮೂಗು ತಿರುಗಿದ ದಿಕ್ಕು ದಿಕ್ಸೂಚಿಯಿಂದ ಬರುತ್ತವೆ. ಇವು ಯಂತ್ರದ ಮಾತು. ಹೆಸರು, ಹೋಗುವ ಬಂದರು, ತಲುಪುವ ಸಮಯ, ನೀರಿನಲ್ಲಿ ಮುಳುಗಿದ ಆಳ, ಹಡಗು ಸಾಗುತ್ತಿದೆಯೋ ನಿಂತಿದೆಯೋ ಎಂಬ ಸ್ಥಿತಿ, ಇವೆಲ್ಲ ಮನುಷ್ಯರು ತುಂಬಿದ್ದು. ಡ್ಯೂಟಿಯಲ್ಲಿದ್ದ ಅಧಿಕಾರಿ ಮರೆತರೆ ಹೋದ ವಾರದ ಬಂದರಿನ ಹೆಸರೇ ಉಳಿದಿರುತ್ತದೆ.

ಹೋಗುವ ಬಂದರಿನ ಖಾನೆಗೆ ಇಪ್ಪತ್ತೇ ಅಕ್ಷರ ಜಾಗ. ಕೆಲವರು ಕಾರವಾರ್ ಎಂದೇ ಟೈಪ್ ಮಾಡುತ್ತಾರೆ, ಕೆಲವರು ಬಂದರಿನ ಐದಕ್ಷರದ ಸಂಕೇತ ಹಾಕುತ್ತಾರೆ. ಅದರ ಮೊದಲ ಎರಡು ಅಕ್ಷರ ದೇಶದ್ದು, ಭಾರತಕ್ಕೆ ಐಎನ್. ನವಮಂಗಳೂರಿನದು ಐಎನ್ ನಂತರ ಎನ್‌ಎಂಎಲ್. 'ಫಾರ್ ಆರ್ಡರ್ಸ್' ಎಂದಿದ್ದರೆ ಹಡಗಿಗೆ ಮುಂದಿನ ಬಂದರು ಇನ್ನೂ ಗೊತ್ತಾಗಿಲ್ಲ, ಕಂಪನಿಯ ಆದೇಶಕ್ಕೆ ಕಾಯುತ್ತಿದೆ. ತಲುಪುವ ಸಮಯದ ಖಾನೆಯಲ್ಲಿ ತಿಂಗಳು, ದಿನ, ಗಂಟೆ, ನಿಮಿಷ ಮಾತ್ರ ಇರುತ್ತವೆ, ವರ್ಷ ಇರುವುದಿಲ್ಲ. ಅದನ್ನು ನಂಬಿ ಲಾರಿ ಕಳಿಸಬೇಡಿ. ನೀವೇ ಲೆಕ್ಕ ಹಾಕಿ: ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ನವಮಂಗಳೂರಿನಿಂದ ಕಾರವಾರಕ್ಕೆ ಸುಮಾರು 120 ನಾಟಿಕಲ್ ಮೈಲಿ, ಮುರ್ಮಗೋವೆಯಿಂದ ಸುಮಾರು 40. ಹತ್ತು ನಾಟ್ ವೇಗದ ಹಡಗಿಗೆ ಹನ್ನೆರಡು ಗಂಟೆ, ನಾಲ್ಕು ಗಂಟೆ. ಕೊಲ್ಲಿಯ ಶಾರ್ಜಾ ಕಡೆಯಿಂದ ಬರುವುದಾದರೆ ಐದಾರು ದಿನ ಹಿಡಿಯಿರಿ.

ಆ ಐದಾರು ದಿನದಲ್ಲಿ ಹಡಗು ನಕ್ಷೆಯಿಂದ ಮಾಯವಾಗುತ್ತದೆ. ಇಲ್ಲಿಯೇ ಜನ ಹೆದರುವುದು, ಮುಖ್ಯವಾಗಿ ಮನೆಯವರು. ಹೆದರಬೇಡಿ. ವಿಎಚ್‌ಎಫ್ ನೇರ ದೃಷ್ಟಿಯ ರೇಡಿಯೋ. ಹಡಗಿನ ಆಂಟೆನಾಕ್ಕೂ ದಡದ ಆಂಟೆನಾಕ್ಕೂ ನಡುವೆ ಭೂಮಿಯ ಬಾಗು ಬಂದರೆ ಮುಗಿಯಿತು, ಮಾತು ನಿಂತುಹೋಗುತ್ತದೆ. ದಡದ ಕೇಂದ್ರಗಳಿಗೆ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ನಾಟಿಕಲ್ ಮೈಲಿ ತನಕ ಕೇಳಿಸುತ್ತದೆ, ಎತ್ತರದಲ್ಲಿದ್ದರೆ ಇನ್ನೂ ದೂರ. ಅರಬ್ಬೀ ಸಮುದ್ರದ ನಡುವೆ ಕೇಳಿಸಿಕೊಳ್ಳುವುದು ಉಪಗ್ರಹಗಳು, ಆ ಮಾಹಿತಿಗೆ ಹೆಚ್ಚಿನ ತಾಣಗಳು ದುಡ್ಡು ಕೇಳುತ್ತವೆ. ಉಚಿತ ಖಾತೆಯಲ್ಲಿ "ಕೊನೆಯದಾಗಿ ಕಂಡದ್ದು ನಾಲ್ಕು ದಿನದ ಹಿಂದೆ" ಎಂದರೆ ಅಪಘಾತ ಅಂತ ಅರ್ಥ ಅಲ್ಲ, ದಡದಿಂದ ದೂರ ಇದೆ ಅಂತ. ಆದರೆ ದಡದ ಹತ್ತಿರ, ಬೇರೆ ಹಡಗುಗಳೆಲ್ಲ ಕಾಣುತ್ತಿರುವ ಜಾಗದಲ್ಲಿ ನಿಮ್ಮದೊಂದೇ ಗಂಟೆಗಟ್ಟಲೆ ಕಾಣದಿದ್ದರೆ ಅದು ಬೇರೆ ವಿಷಯ. ಕಡಲ್ಗಳ್ಳರ ಭಯವೋ ಬೇರೆ ಅಪಾಯವೋ ಇದ್ದಲ್ಲಿ ಆರಿಸುವ ಅಧಿಕಾರ ಕ್ಯಾಪ್ಟನ್ನಿಗೆ ಇದೆ. ಯಂತ್ರ ಕೆಟ್ಟಿರಬಹುದು. ಬೇಕೆಂದೇ ಆರಿಸಿರಲೂಬಹುದು. ದಿನಾಂಕ, ಸಮಯ, ಕೊನೆಯ ಜಾಗ ಬರೆದಿಡಿ, ತೀರ್ಪು ಕೊಡಬೇಡಿ.

ಬಂದರು ಭೇಟಿ: ಬಂದಿದೆ ಎಂದರೆ ಬಂದಿದೆಯೇ?

ತಾಣಗಳಲ್ಲಿ ಬಂದರು ಭೇಟಿಯ ಪಟ್ಟಿ ಸಿಗುತ್ತದೆ. ಅದು ಮಾಡುವುದು ಹೀಗೆ: ಪ್ರತಿ ಬಂದರಿನ ಸುತ್ತ ನಕ್ಷೆಯಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಹಡಗಿನ ಚುಕ್ಕೆ ಆ ಗೆರೆ ದಾಟಿದರೆ ಬಂತು, ಹೊರಗೆ ಹೋದರೆ ಹೋಯಿತು. ಧಕ್ಕೆಗೆ ಕಟ್ಟಿದೆಯೋ, ಹಡಗನ್ನು ಒಳಗೆ ತರುವ ಬಂದರಿನ ಪೈಲಟ್‌ಗೆ ಹೊರಗೆ ಕಾಯುತ್ತಿದೆಯೋ ಎಂಬುದು ಆ ಗೆರೆಗೆ ಗೊತ್ತಿಲ್ಲ. ಹಾಗಾಗಿ ಪಟ್ಟಿಯನ್ನು ಹಾಗೇ ನಕಲು ಮಾಡದೆ ಹಡಗು ನಡೆದ ಜಾಡನ್ನು ತೆರೆದು ನೋಡಿ.

ಜಾಡು ನೋಡುವುದು ಕಲಿತರೆ ಬಹಳ ಸಂಗತಿ ತಿಳಿಯುತ್ತದೆ. ಲಂಗರಿನ ಮೇಲಿರುವ ಹಡಗು ಗಾಳಿಗೆ, ಭರತ-ಇಳಿತಕ್ಕೆ ಸರಪಳಿಯ ಸುತ್ತ ತಿರುಗುತ್ತದೆ. ಅದರ ಚುಕ್ಕೆಗಳು ಕಮಾನಿನ ಆಕಾರದಲ್ಲಿ ಬೀಳುತ್ತವೆ, ಹಡಗಿನ ಮೂಗಿನ ದಿಕ್ಕು ದಿನದಲ್ಲಿ ಹಲವು ಸಲ ಬದಲಾಗುತ್ತದೆ. ಧಕ್ಕೆಗೆ ಕಟ್ಟಿದ ಹಡಗಿನ ಚುಕ್ಕೆಗಳೆಲ್ಲ ಒಂದೇ ಕಡೆ ಗುಂಪಾಗುತ್ತವೆ, ಮೂಗಿನ ದಿಕ್ಕು ಅಲುಗುವುದೇ ಇಲ್ಲ. ಸ್ಥಿತಿಯ ಖಾನೆಯಲ್ಲಿ ಸಾಗುತ್ತಿದೆ ಎಂದಿದ್ದರೂ ವೇಗ ಸೊನ್ನೆ, ದಿಕ್ಕು ಸ್ಥಿರ ಇದ್ದರೆ ಅದು ಕಟ್ಟಿದ ಹಡಗೇ. ಬೈತಕೋಲದ ಧಕ್ಕೆ ನಕ್ಷೆಯಲ್ಲಿ ಯಾವ ದಿಕ್ಕಿಗೆ ಇದೆ ಎಂದು ಒಮ್ಮೆ ನೋಡಿಕೊಂಡರೆ ಮುಂದೆ ಪ್ರತಿ ಸಲ ಸುಲಭ. ಮೂಗು ಆ ಗೆರೆಗೆ ಸಮಾನಾಂತರ ಇರಬೇಕು.

ಕಾಯುವ ಸಮಯ, ಕಟ್ಟಿದ ಸಮಯ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಲಾರಿಯವರಿಗೆ ಬೇಕಾದದ್ದು ಎರಡನೆಯದು. ಅದರ ಮೇಲೆ ಪೈಪು ಜೋಡಿಸಿ, ಮಾದರಿ ಪರೀಕ್ಷಿಸಿ, ದಡದ ಟ್ಯಾಂಕಿಗೆ ಪಂಪ್ ಮಾಡಿದ ಮೇಲೇ ಲಾರಿಗೆ ಡಾಂಬರು. ಹಡಗು ಕಟ್ಟಿದ ಗಳಿಗೆಯಲ್ಲೇ ಸರಕು ಸಿಗುತ್ತದೆ ಎಂದುಕೊಳ್ಳಬೇಡಿ.

ಸಮಯದ ವಿಷಯದಲ್ಲಿ ಒಂದು ಎಚ್ಚರ. ಎಐಎಸ್‌ನ ಗಡಿಯಾರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಾರವಾರದಲ್ಲಿ 12ನೇ ತಾರೀಕು ರಾತ್ರಿ 1 ಗಂಟೆಗೆ ಕಟ್ಟಿದ ಹಡಗು ಯುಟಿಸಿಯಲ್ಲಿ 11ರ ಸಂಜೆ 7:30ಕ್ಕೆ ಕಟ್ಟಿದ್ದು. ಬಂದರು ಕಚೇರಿಯ ತಾರೀಕಿಗೂ ನಿಮ್ಮ ಪಟ್ಟಿಗೂ ಒಂದು ದಿನದ ವ್ಯತ್ಯಾಸ ಕಂಡರೆ ಮೊದಲು ಇದನ್ನೇ ನೋಡಿ.

ಇಳಿಸಿದ ಸರಕು ಎಷ್ಟು ಎಂದು ಅಂದಾಜು ಮಾಡಬಹುದು. ಮುಳುಗಿದ ಆಳ ಬರುವಾಗ ಎಷ್ಟಿತ್ತು, ಹೋಗುವಾಗ ಎಷ್ಟಿದೆ ಎಂಬುದು ಬೇಕು. ನೀರಿನ ಮಟ್ಟದಲ್ಲಿ 100 ಮೀಟರ್ ಉದ್ದ, 17 ಮೀಟರ್ ಅಗಲದ ಹಡಗು ಎಂದುಕೊಳ್ಳಿ. ಎರಡನ್ನೂ ಗುಣಿಸಿ, ಮುಂದೆ ಹಿಂದೆ ಚೂಪಾಗಿರುವುದಕ್ಕೆ ಸುಮಾರು 0.85ರಿಂದ, ಸಮುದ್ರದ ನೀರಿನ ಸಾಂದ್ರತೆಗೆ 1.025ರಿಂದ ಗುಣಿಸಿ. ಹತ್ತಿರ ಹತ್ತಿರ 1,480 ಟನ್ ಬರುತ್ತದೆ. ಅಂದರೆ ಈ ಹಡಗು ಒಂದು ಮೀಟರ್ ಮೇಲೆದ್ದರೆ ಅಷ್ಟು ಭಾರ ಇಳಿದಿದೆ. ಬಂದಾಗ 6.4 ಮೀಟರ್, ಹೋಗುವಾಗ 4.6 ಎಂದಿದ್ದರೆ 2,600 ಟನ್ನಿಗೆ ಸ್ವಲ್ಪ ಮೇಲೆ. ಆದರೆ ಸರಕು ಇಳಿಸುವ ಹಡಗು ಸಮತೋಲಕ್ಕೆ ಸಮುದ್ರದ ನೀರು ತುಂಬಿಕೊಳ್ಳುತ್ತದೆ. ಹಾಗಾಗಿ ನಿಜವಾಗಿ ಇಳಿದ ಸರಕು ಈ ಲೆಕ್ಕಕ್ಕಿಂತ ಹೆಚ್ಚೇ ಇರುವ ಸಾಧ್ಯತೆ. ಜೊತೆಗೆ ಆಳ ಕೈಯಿಂದ ತುಂಬಿದ್ದು, ಹತ್ತು ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ 150 ಟನ್ ಹೆಚ್ಚುಕಡಿಮೆ. ಬಂದು ಹೋದರೂ ಆಳ ಬದಲಾಗದೆ ಇದ್ದರೆ ಸರಕು ಇಳಿಸಿಲ್ಲ ಅಂತಲ್ಲ, ಸಂಖ್ಯೆ ಬದಲಿಸಿಲ್ಲ ಅಂತಲೇ ಮೊದಲು ತಿಳಿಯಿರಿ.

ಮಂಗಳೂರು, ಮುರ್ಮಗೋವೆಯಂಥ ದೊಡ್ಡ ಬಂದರುಗಳು ಹಡಗುಗಳ ಸ್ಥಿತಿಯನ್ನು ತಮ್ಮ ತಾಣದಲ್ಲಿ ಹಾಕುತ್ತವೆ. ನಿಮ್ಮ ಟ್ಯಾಂಕರ್ ಅಲ್ಲಿಗೆ ಹೋಗಿದ್ದರೆ ಅದರೊಂದಿಗೆ ತಾಳೆ ನೋಡಿ. ಕಾರವಾರ ಕರ್ನಾಟಕ ಮೆರಿಟೈಂ ಬೋರ್ಡಿನ ಕೆಳಗೆ ಬರುವ ಬಂದರು. ಇಲ್ಲಿ ಹಡಗಿನ ಏಜೆಂಟರನ್ನು ಕೇಳುವುದೇ ಹತ್ತಿರದ ದಾರಿ. ಐಎಂಒ ಸಂಖ್ಯೆ ಹೇಳಿ ಮರ್ಯಾದೆಯಿಂದ ಕೇಳಿದರೆ ಯಾವ ಹಡಗಿನ ಮಾತು ಎಂದು ಅವರಿಗೂ ಗೊಂದಲ ಆಗುವುದಿಲ್ಲ.

ಹಡಗಿಗೆ ಕೆಲಸಕ್ಕೆ ಹೋಗುವವರಿಗೆ

ಈ ಭಾಗವನ್ನು ನಮ್ಮ ಕರಾವಳಿಯ ಹುಡುಗರು ದಯವಿಟ್ಟು ಓದಬೇಕು. ಯಾರೋ ಏಜೆಂಟರು ಕೊಲ್ಲಿಯಲ್ಲಿ ಸಣ್ಣ ಟ್ಯಾಂಕರ್, ಒಳ್ಳೆ ಸಂಬಳ, ನಾಳೆಯೇ ಹೊರಡಬೇಕು ಎನ್ನುತ್ತಾರೆ. ಹಣ ಕೊಡುವ ಮೊದಲು, ಪಾಸ್‌ಪೋರ್ಟ್ ಕೊಡುವ ಮೊದಲು ಹಡಗಿನ ಐಎಂಒ ಸಂಖ್ಯೆ ಕೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ಕೊಟ್ಟರೆ ಈಕ್ವಾಸಿಸ್‌ನಲ್ಲಿ ಹಾಕಿ. ಹಡಗಿಗೆ ಎಷ್ಟು ವಯಸ್ಸು, ಸ್ವಲ್ಪ ವರ್ಷದಲ್ಲೇ ಎಷ್ಟು ಸಲ ಹೆಸರು ಮತ್ತು ಧ್ವಜ ಬದಲಾಗಿದೆ, ಕ್ಲಾಸ್ ಸೊಸೈಟಿ ಕೈಬಿಟ್ಟಿದೆಯೇ, ಯಾವ ಬಂದರಿನಲ್ಲಾದರೂ ತಪಾಸಣೆ ಮಾಡಿ ತಡೆದು ನಿಲ್ಲಿಸಿದ್ದಾರೆಯೇ, ಇಷ್ಟು ಓದಿ. ಮಾಲೀಕರು ಕೈಬಿಟ್ಟ ನಾವಿಕರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇಟ್ಟಿರುವ ಪಟ್ಟಿಯೂ ಎಲ್ಲರಿಗೂ ತೆರೆದಿದೆ. ಮಾಲೀಕರು ಸಂಬಳ, ಊಟ ನಿಲ್ಲಿಸಿ ಸಿಬ್ಬಂದಿಯನ್ನು ಹಡಗಿನಲ್ಲೇ ಬಿಟ್ಟ ಪ್ರಕರಣಗಳು ಅಲ್ಲಿವೆ. ಆ ಹಡಗು, ಅದರ ಹಳೆಯ ಹೆಸರು, ಅದೇ ಕಂಪನಿಯ ಬೇರೆ ಹಡಗು ಇದೆಯೇ ಹುಡುಕಿ. ಏಜೆಂಟರಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿ ಇದೆಯೇ ಎಂದು ಆ ಇಲಾಖೆಯ ತಾಣದಲ್ಲೇ ನೋಡಿ, ಏಜೆಂಟರು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನಂಬಬೇಡಿ. ಮನೆಯಲ್ಲಿ ಅಪ್ಪ-ಅಮ್ಮನಿಗೂ ಆ ಏಳಂಕಿ ಬರೆದುಕೊಟ್ಟು ಹೋಗಿ.

ಬರೆದಿಡುವ ಪುಸ್ತಕ

ಎಕ್ಸೆಲ್ ಆಗಲಿ, ಗೆರೆ ಎಳೆದ ನೋಟ್‌ಬುಕ್ ಆಗಲಿ, ಯಾವುದಾದರೂ ಸರಿ. ಒಂದು ಹಡಗಿಗೆ ಒಂದು ಹಾಳೆ, ತಲೆಯಲ್ಲಿ ಐಎಂಒ ಸಂಖ್ಯೆ. ಅದರ ಕೆಳಗೆ ಈಗಿನ ಹೆಸರು, ಹಳೆಯ ಹೆಸರುಗಳು, ಧ್ವಜ, ಕಟ್ಟಿದ ವರ್ಷ, ಉದ್ದ-ಅಗಲ, ಡೆಡ್‌ವೇಟ್. ಭೇಟಿಗಳಿಗೆ ಒಂದೊಂದು ಸಾಲು: ಲಂಗರು ಹಾಕಿದ್ದು, ಕಟ್ಟಿದ್ದು, ಬಿಟ್ಟದ್ದು, ಬಂದಾಗಿನ ಆಳ, ಹೋಗುವಾಗಿನ ಆಳ, ಹಿಂದಿನ ಬಂದರು, ಮುಂದಿನ ಬಂದರು. ಕೊನೆಯ ಖಾನೆ ಯಾರೂ ಇಡುವುದಿಲ್ಲ, ನೀವು ಇಡಿ: ಈ ಮಾಹಿತಿ ಎಲ್ಲಿಂದ ಸಿಕ್ಕಿತು, ಯಂತ್ರದ್ದೋ, ಕೈಯಿಂದ ತುಂಬಿದ್ದೋ, ತಾಣದವರ ಊಹೆಯೋ, ಏಜೆಂಟರು ಹೇಳಿದ್ದೋ. ಎರಡು ಕಡೆ ಬೇರೆ ಬೇರೆ ಇದ್ದರೆ ಒಂದನ್ನು ಅಳಿಸಬೇಡಿ, ಎರಡನ್ನೂ ಬರೆಯಿರಿ.

ಕಾರವಾರದಲ್ಲಿ ಇದನ್ನು ಮಾಡುವವರು ಒಂದು ಗೆರೆ ದಾಟಬಾರದು. ಅರ್ಗಾದಲ್ಲಿ ನೌಕಾನೆಲೆ ಇದೆ. ಯುದ್ಧನೌಕೆಗಳ ಓಡಾಟ ಬರೆದಿಡುವುದು, ಆ ಕಡೆ ಕ್ಯಾಮೆರಾ ತಿರುಗಿಸುವುದು, ಗುಡ್ಡದ ಮೇಲೆ ಆಂಟೆನಾ ಕಟ್ಟುವುದು, ಯಾವುದೂ ಬೇಡ. ಈ ಇಡೀ ಕೆಲಸ ಮನೆಯಲ್ಲಿ ಕೂತು, ಎಲ್ಲರಿಗೂ ತೆರೆದ ತಾಣಗಳಿಂದಲೇ ಆಗುತ್ತದೆ. ವ್ಯಾಪಾರಿ ಹಡಗಿನ ಫೋಟೋ ಬೇಕಿದ್ದರೆ ಹಡಗಿನ ಫೋಟೋ ಹಾಕುವ ತಾಣಗಳಲ್ಲಿ ಐಎಂಒ ಸಂಖ್ಯೆಯಿಂದ ಹುಡುಕಿ, ಹಲವು ಸಣ್ಣ ಟ್ಯಾಂಕರ್‌ಗಳದ್ದು ಸಿಗುತ್ತದೆ. ಹಳೆಯ ಹೆಸರಿನಲ್ಲಿದ್ದಾಗಿನ ಫೋಟೋ ಸಿಕ್ಕರೆ ಅದನ್ನೂ ಅದೇ ಹಾಳೆಗೆ ಅಂಟಿಸಿ, ಕೆಳಗೆ ತೆಗೆದ ವರ್ಷ ಬರೆಯಿರಿ.